ಗೊಂಬೆಯ ಎತ್ತರ

ಯಂತ್ರಮಾನವ ಎಷ್ಟೆತ್ತರ ಇರಬೇಕು ಎಂದು ತಿಳಿಯಲು ಜಪಾನಿಗೆ ಹೋಗಿಬರುವವರಿದ್ದಾರೆ. ಅಷ್ಟು ದುಡ್ಡೂ ಉತ್ಸಾಹವೂ ಇಲ್ಲದವರಿಗೆ ನಮ್ಮ ಕುಮಾರ ಪಾರ್ಕಿನ ಮಗ್ಗುಲಲ್ಲೇ ಚಿತ್ರಕಲಾ ಪರಿಷತ್ತಿದೆ. ಜನವರಿಯ ಚಿತ್ರಸಂತೆಯ ದಿನ ಕಾಲಿಡಲು ಜಾಗವಿಲ್ಲದ ಆ ಕುಮಾರ ಕೃಪಾ ರಸ್ತೆ ಉಳಿದ ದಿನಗಳಲ್ಲಿ ಒಂದಿಷ್ಟು ಮರದ ನೆರಳು, ಗಾಲ್ಫ್ ಮೈದಾನದ ಬೇಲಿ, ಮಂತ್ರಿಗಳ ಕಾರುಗಳನ್ನು ಇಟ್ಟುಕೊಂಡು ತನ್ನ ಪಾಡಿಗೆ ತಾನಿರುತ್ತದೆ. ಪರಿಷತ್ತಿನ ಒಳಗೆ ಎಂ.ಎಸ್. ನಂಜುಂಡರಾಯರು ಆಸ್ಥೆಯಿಂದ ಕಲೆಹಾಕಿದ ತೊಗಲುಗೊಂಬೆಗಳಿವೆ. ಆಡಿನ ತೊಗಲನ್ನು ಹದಮಾಡಿ, ಬೆಳಕು ಹಾಯುವಷ್ಟು ತೆಳ್ಳಗಾಗಿಸಿ, ಉಳಿಯಲ್ಲಿ ತೂತು ಕೊರೆದು, ಬಣ್ಣ ಹಚ್ಚಿದ ರಾಮ, ರಾವಣ, ಆಂಜನೇಯ, ದ್ರೌಪದಿ.

ನೋಡುತ್ತ ಹೋದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ದೇವರು ದೊಡ್ಡವನು, ರಾಜನೂ ದೊಡ್ಡವನು, ಸೇವಕ ಚಿಕ್ಕವನು. ಇದು ಹತ್ತಿರ ದೂರದ ಲೆಕ್ಕವಲ್ಲ, ವಯಸ್ಸಿನದೂ ಅಲ್ಲ. ಕರ್ನಾಟಕದ ತೊಗಲುಗೊಂಬೆಯಲ್ಲಿ ಅಂತಸ್ತಿಗೆ ತಕ್ಕ ಗಾತ್ರ. ತೊಗಲಿಗೆ ಉಳಿ ತಾಕುವ ಮೊದಲೇ ಊರು ಗೊಂಬೆಗಾರನ ಕಿವಿಯಲ್ಲಿ ಅಳತೆ ಹೇಳಿ ಮುಗಿಸಿರುತ್ತದೆ.

ಇನ್ನು ಜಪಾನಿನ ಉತ್ತರ. ಹೋಂಡಾ ಕಂಪನಿ 2000ದಲ್ಲಿ ಆಸಿಮೋ ಎಂಬ ನಡೆದಾಡುವ ಯಂತ್ರಮಾನವನನ್ನು ತೋರಿಸಿದಾಗ ಅದರ ಎತ್ತರ 120 ಸೆಂಟಿಮೀಟರ್, ಅಂದರೆ ಹತ್ತಿರ ಹತ್ತಿರ ನಾಲ್ಕಡಿ. ದೀಪದ ಸ್ವಿಚ್ಚು, ಬಾಗಿಲ ಹಿಡಿ ಕೈಗೆಟುಕಬೇಕು, ಕೂತವರ ಕಣ್ಣಿಗೆ ಕಣ್ಣು ಕೂಡಬೇಕು ಎಂದು ಯೋಚಿಸಿ ಮಾಡಿದ ಅಳತೆ. 2014ರಲ್ಲಿ ಬಂದ ಸಾಫ್ಟ್‌ಬ್ಯಾಂಕಿನ ಪೆಪ್ಪರ್ ಕೂಡ ಹೆಚ್ಚುಕಡಿಮೆ ಅಷ್ಟೇ. ದುಂಡು ತಲೆ, ದೊಡ್ಡ ಕಣ್ಣು, ಎದೆಯ ಮೇಲೊಂದು ಪರದೆ. ಯಾರೂ ಹೆದರಬಾರದು, ಎಲ್ಲರೂ ಮುದ್ದುಮಾಡಬೇಕು ಎಂಬುದು ಮಾಡಿದವರ ಉದ್ದೇಶ.

ಈ ನಾಲ್ಕಡಿಯ ಸಂಗತಿ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಹೋಟೆಲಿನ ಮಾಣಿ. ಊರು ಬಿಟ್ಟು ಬಂದ ಹುಡುಗ, ಹೆಗಲ ಮೇಲೊಂದು ಒದ್ದೆ ಬಟ್ಟೆ, ಕೈಯಲ್ಲಿ ಎಂಜಲು ಲೋಟದ ಬಕೆಟ್ಟು. ಪೆಪ್ಪರಿಗಿಂತ ಒಂದು ಗೇಣು ಎತ್ತರವಿದ್ದರೆ ಹೆಚ್ಚು. ಇಡೀ ಬೆಂಗಳೂರು ಅವನನ್ನು ‘ಏ ಮಾಣಿ, ಇಲ್ಲೊರಸೋ’ ಎಂದು ಕರೆದು ಕಾಫಿ ಕುಡಿದಿದೆ. ಹದಿನಾಲ್ಕರ ಒಳಗಿನ ಮಕ್ಕಳನ್ನು ಹೋಟೆಲಿಗೂ ಮನೆಗೆಲಸಕ್ಕೂ ಇಟ್ಟುಕೊಳ್ಳಬಾರದೆಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಅವನು ಖಾಲಿ ಮಾಡಿದ ಜಾಗಕ್ಕೆ ಈಗ ಅವನದೇ ಎತ್ತರದ ಯಂತ್ರ ಬಂದು ನಿಲ್ಲುತ್ತಿದೆ. ಅವನಿಗಿಂತ ನಯವಾಗಿ ಮಾತಾಡುತ್ತದೆ, ಲೋಟ ಒಡೆಯುವುದಿಲ್ಲ, ಊರಿಗೆ ಹೋಗುತ್ತೇನೆಂದು ಅಳುವುದಿಲ್ಲ. ಎಂಜಿನಿಯರು ಮಗುವೆಂದು ಕಲ್ಪಿಸಿಕೊಂಡು ಮಾಡಿದ್ದನ್ನು ನಾವು ಮಾಣಿಯೆಂದು ಬರಮಾಡಿಕೊಳ್ಳುತ್ತೇವೆ. ಎಂಜಿನಿಯರನ್ನು ದೂರುವುದು ಸರಿಯಲ್ಲ, ಅವರು ನಮ್ಮ ಹೋಟೆಲಿನಲ್ಲಿ ಕಾಫಿ ಕುಡಿದವರಲ್ಲ.

ನಮ್ಮೂರಿನಲ್ಲೂ ಇಂಥವು ಹುಟ್ಟಿವೆ. ಬೆಂಗಳೂರಿನ ಇನ್ವೆಂಟೋ ಕಂಪನಿಯ ‘ಮಿತ್ರ’ 2017ರ ನವೆಂಬರಿನಲ್ಲಿ ಹೈದರಾಬಾದಿನ ಉದ್ಯಮಿಗಳ ಶೃಂಗಸಭೆಯ ವೇದಿಕೆಯ ಮೇಲೆ ಪ್ರಧಾನಿ ಮೋದಿಯವರನ್ನೂ ಇವಾಂಕಾ ಟ್ರಂಪ್ ಅವರನ್ನೂ ಎದುರುಗೊಂಡಿತು. ಕೆನರಾ ಬ್ಯಾಂಕಿನಲ್ಲಿ ಗ್ರಾಹಕರನ್ನು ಸ್ವಾಗತಿಸಿತು. 2020ರ ಕೊರೋನಾ ಕಾಲದಲ್ಲಿ ಬನ್ನೇರುಘಟ್ಟ ರಸ್ತೆಯ ಫೋರ್ಟಿಸ್ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಬಂದವರ ಜ್ವರ ನೋಡಿ, ಕೆಮ್ಮಿದೆಯಾ ಎಂದು ಕೇಳಿತು. ಆ ಕೊನೆಯ ಕೆಲಸಕ್ಕೆ ನನ್ನ ಪೂರ್ತಿ ಸಮ್ಮತಿಯಿದೆ. ಆ ದಿನಗಳಲ್ಲಿ ಉಸಿರಾಡದವನೇ ಎಲ್ಲರಿಗಿಂತ ಒಳ್ಳೆಯ ಮಿತ್ರ.

2019ರಲ್ಲಿ ಇಂದಿರಾನಗರದಲ್ಲಿ ರೋಬೋಟ್ ರೆಸ್ಟೋರೆಂಟೇ ತೆರೆಯಿತು: ಬಡಿಸಲು ಐದು, ಬಾಗಿಲಲ್ಲಿ ಕರೆಯಲು ಒಂದು. ಜನ ಊಟಕ್ಕಿಂತ ಹೆಚ್ಚಾಗಿ ಫೋಟೋ ತೆಗೆಸಿಕೊಳ್ಳಲು ಹೋದರು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಪಂಚೆಯುಟ್ಟ ಸಪ್ಲೈಯರು ಒಂದೇ ತೋಳಿನ ಮೇಲೆ ಹತ್ತಾರು ದೋಸೆ ತಟ್ಟೆ ಪೇರಿಸಿಕೊಂಡು ಬರುವುದನ್ನು ನೋಡಿ ಬೆಳೆದವರಿಗೆ ತಟ್ಟೆ ಹೊತ್ತು ಮೆಲ್ಲಗೆ ಉರುಳುವ ಯಂತ್ರ ಯಾವ ಬೆರಗನ್ನೂ ಹುಟ್ಟಿಸಲಾರದು. ಆ ಸಪ್ಲೈಯರಿಗೆ ಎತ್ತರವಿದೆ, ಗತ್ತಿದೆ, ‘ಸ್ವಲ್ಪ ಇರಿ ಸಾರ್, ದೋಸೆ ಓಡಿಹೋಗಲ್ಲ’ ಎನ್ನುವ ಅಧಿಕಾರವಿದೆ. ದೋಸೆಯ ಅರ್ಧ ರುಚಿ ಆ ಮಾತಿನಲ್ಲಿ ಇರುವುದೆಂದು ನನ್ನ ಗುಮಾನಿ. ಹಾಗೆ ಗದರಿಸುವ ರೋಬೋಟನ್ನು ಯಾವ ಕಂಪನಿಯೂ ಮಾಡುವುದಿಲ್ಲ. ಗ್ರಾಹಕನ ಮನಸ್ಸು ನೋಯಬಾರದಲ್ಲ!

ಗೊಂಬೆ ಗದರಿಸಬೇಕೋ ತಲೆಬಾಗಬೇಕೋ ಎಂಬ ಜಗಳ ನಮ್ಮಲ್ಲಿ ಹೊಸದಲ್ಲ. ಅದರ ನಡುವೆ ನಿಂತಿರುವವನು ಭೋಜರಾಜ. ಹನ್ನೊಂದನೆಯ ಶತಮಾನದ ಈ ಧಾರಾನಗರದ ದೊರೆಯ ಹೆಸರಿನಲ್ಲಿ ‘ಸಮರಾಂಗಣ ಸೂತ್ರಧಾರ’ ಎಂಬ ವಾಸ್ತುಗ್ರಂಥವಿದೆ. ಅದರಲ್ಲಿ ಯಂತ್ರಗಳಿಗೇ ಮೀಸಲಾದ ಒಂದು ಅಧ್ಯಾಯ. ದೀಪದ ಎಣ್ಣೆ ಮುಗಿಯದಂತೆ ಹೊಯ್ಯುವ ಗೊಂಬೆ, ತಾಳಕ್ಕೆ ಕುಣಿಯುವ ಗೊಂಬೆ, ಬಾಗಿಲಲ್ಲಿ ಆಯುಧ ಹಿಡಿದು ಕಾಯುವ ಗೊಂಬೆ. ಎಲ್ಲವೂ ವಿಧೇಯ, ಎಲ್ಲವೂ ಅರಮನೆಯ ಸೇವೆಗೆ. ಅವನ್ನು ಮಾಡುವುದು ಹೇಗೆಂದು ಮಾತ್ರ ಪೂರ್ತಿ ಹೇಳಿಲ್ಲ. ಗೊತ್ತಿಲ್ಲದೆ ಬಿಟ್ಟದ್ದಲ್ಲ, ಗುಟ್ಟು ಕಾಯಲು ಬಿಟ್ಟದ್ದು ಎಂಬ ಸಮಜಾಯಿಷಿಯೂ ಅಲ್ಲೇ ಇದೆ. ಇಂದಿನ ಕೋರಮಂಗಲದ ಸ್ಟಾರ್ಟಪ್ಪಿನವರು ಹೂಡಿಕೆದಾರರಿಗೆ ಹೇಳುವುದೂ ಇದನ್ನೇ.

ಅದೇ ಭೋಜರಾಜ ಕಥೆಯೊಳಗೆ ಬಂದರೆ ಅವನ ಪಾಡು ಬೇರೆ. ಬತ್ತೀಸ ಪುತ್ಥಳಿಯ ಕಥೆ ನಮ್ಮ ಅಜ್ಜಿಯರ ಕಾಲದಿಂದ ಕನ್ನಡದ ಮನೆಗಳಲ್ಲಿ ಓಡಾಡಿಕೊಂಡಿದೆ. ವಿಕ್ರಮಾದಿತ್ಯನ ಸಿಂಹಾಸನ ಸಿಕ್ಕಿತೆಂದು ಭೋಜ ಮುಹೂರ್ತ ನೋಡಿ ಹತ್ತಲು ಹೊರಟರೆ, ಅದರ ಮೂವತ್ತೆರಡು ಗೊಂಬೆಗಳು ಒಂದಾದ ಮೇಲೊಂದು ಬಾಯಿ ಬಿಟ್ಟು ತಡೆಯುತ್ತವೆ. ವಿಕ್ರಮ ಇಂಥ ಔದಾರ್ಯ ತೋರಿದ್ದ, ನಿನ್ನಲ್ಲಿ ಅದು ಇದೆಯೇ, ಇದ್ದರೆ ಹತ್ತು ಎನ್ನುತ್ತವೆ. ಗ್ರಂಥದಲ್ಲಿ ಭೋಜ ಗೊಂಬೆಗಳಿಂದ ಸೇವೆ ಮಾಡಿಸಿಕೊಂಡ. ಕಥೆಯಲ್ಲಿ ಗೊಂಬೆಗಳು ಅವನನ್ನು ಪರೀಕ್ಷೆಗೆ ಕೂರಿಸಿದವು. ಎಂಜಿನಿಯರಿಂಗ್ ಒಂದು ಆಸೆಯನ್ನು ಬರೆದಿಟ್ಟಿತು, ಜನ ಇನ್ನೊಂದನ್ನು ಹೇಳಿಕೊಂಡು ಬಂದರು. ತೊಗಲುಗೊಂಬೆಯಾಟದಲ್ಲೂ ಅಷ್ಟೇ. ಅದರ ಹಾಸ್ಯಗಾರ ಕಿಳ್ಳೇಕ್ಯಾತನಿಗೆ ಕಿರೀಟವಿಲ್ಲ, ಅಂದಚೆಂದವೂ ಇಲ್ಲ, ಆದರೆ ಅವನೂ ಅವನ ಹೆಂಡತಿ ಬಂಗಾರಕ್ಕನೂ ಪರದೆಯ ಮೇಲೆ ಬಂದರೆ ಯಾರನ್ನೂ ಬಿಡುವುದಿಲ್ಲ. ಗಾತ್ರದಲ್ಲಿ ಕಸಿದದ್ದನ್ನು ನಾಲಿಗೆಯಲ್ಲಿ ಕೊಡುವಷ್ಟು ನ್ಯಾಯ ಆ ಆಟಕ್ಕೆ ಗೊತ್ತಿತ್ತು. ನಮ್ಮ ಹೊಸ ಗೊಂಬೆಗಳಿಗೆ ಗಾತ್ರವೂ ಇಲ್ಲ, ನಾಲಿಗೆಯೂ ಇಲ್ಲ. ಕೇಳಿದ್ದಕ್ಕೆಲ್ಲ ‘ಖಂಡಿತ, ಹೇಗೆ ಸಹಾಯ ಮಾಡಲಿ’ ಎನ್ನುತ್ತವೆ.

ಹಾಗೆಂದು ಗದರಿಸುವ ಗೊಂಬೆಗಳನ್ನು ಬೆಂಗಳೂರು ಕಂಡೇ ಇಲ್ಲವೆಂದಲ್ಲ. 2019ರ ಕೊನೆಯಲ್ಲಿ ಸಂಚಾರ ಪೊಲೀಸರು ಬಟ್ಟೆ ಅಂಗಡಿಯ ಬೊಂಬೆಗಳಿಗೆ ಬಿಳಿ ಷರ್ಟು ತೊಡಿಸಿ, ಟೋಪಿ ಹಾಕಿ, ಕಪ್ಪು ಕನ್ನಡಕ ಏರಿಸಿ ವೃತ್ತಗಳಲ್ಲಿ ನಿಲ್ಲಿಸಿದರು. ಅವು ಕೈ ಎತ್ತುತ್ತಿರಲಿಲ್ಲ, ಸೀಟಿ ಊದುತ್ತಿರಲಿಲ್ಲ, ಒಳಗೊಂದು ತಂತಿಯೂ ಇರಲಿಲ್ಲ. ಆದರೂ ದೂರದಿಂದ ಕಂಡ ಸ್ಕೂಟರಿನವರು ಡಿಕ್ಕಿಯಿಂದ ಹೆಲ್ಮೆಟ್ ತೆಗೆದು ತಲೆಗೆ ಹಾಕಿಕೊಂಡರು. ಸಾಮಾಜಿಕ ರೋಬೋಟಿಗೆ ಬೇಕಾದ ಕನಿಷ್ಠ ಸಲಕರಣೆ ಏನೆಂದು ಯಾವ ಪ್ರಯೋಗಾಲಯವೂ ಇಷ್ಟು ಅಗ್ಗವಾಗಿ ಕಂಡುಕೊಂಡಿರಲಾರದು: ಒಂದು ಸಮವಸ್ತ್ರ, ಒಂದು ಕನ್ನಡಕ. ಕನ್ನಡಕ ಹಾಕಿಸಿದವರ ಬುದ್ಧಿಯನ್ನು ಮೆಚ್ಚಬೇಕು. ಗೊಂಬೆಯ ಸುಳ್ಳು ಮೊದಲು ಬಯಲಾಗುವುದೇ ಕಣ್ಣಿನಲ್ಲಿ.

ಆಮೇಲೆ ಆದದ್ದೂ ಸಹಜವೇ. ಹತ್ತಿರದಿಂದ ನೋಡಿದವರು ನಕ್ಕರು, ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಂಡರು, ಹೆಲ್ಮೆಟ್ಟನ್ನು ಮತ್ತೆ ಡಿಕ್ಕಿಗೆ ಸೇರಿಸಿದರು. ಮುಂದಿನ ವೃತ್ತದಲ್ಲಿ ಬೊಂಬೆಯೆಂದುಕೊಂಡು ನುಗ್ಗಿದವರ ಮುಂದೆ ಟೋಪಿಯ ಕೆಳಗಿನ ಮೀಸೆ ಅಲುಗಿ, ರಸೀದಿ ಪುಸ್ತಕ ಹೊರಬಂದದ್ದೂ ಇರಬೇಕು. ಬೊಂಬೆಗೆ ಹೆದರಿದ್ದಕ್ಕಿಂತ ನನಗೆ ಕುತೂಹಲ ಹುಟ್ಟಿಸುವುದು ಈ ಎರಡನೆಯ ಹಂತ. ಯಂತ್ರಕ್ಕೆ ಮನುಷ್ಯರ ವೇಷ ಹಾಕುತ್ತ ಹೋದರೆ, ಯಂತ್ರದ ಮೇಲಿನ ಭಕ್ತಿ ಹೆಚ್ಚುವುದರ ಜೊತೆಗೆ ಮನುಷ್ಯರ ಮೇಲಿನ ಅನುಮಾನವೂ ಹೆಚ್ಚುತ್ತದೆ. ಇವನು ನಿಜವಾದ ಪೇದೆಯೋ, ನಿಲ್ಲಿಸಿದ್ದೋ? ಫೋನಿನಲ್ಲಿ ಸಾಲ ಬೇಕೇ ಎಂದು ಕೇಳುವ ಹೆಣ್ಣುದನಿಗೆ ನಾವೀಗ ಬೈಯುವ ಮುನ್ನ ಒಂದು ಗಳಿಗೆ ಕಿವಿಗೊಡುತ್ತೇವೆ, ಉಸಿರು ಕೇಳಿಸುತ್ತದೆಯೇ ಎಂದು.

ಒಸಾಕಾದ ಮಾಲೊಂದರಲ್ಲಿ ಜಪಾನಿನ ಸಂಶೋಧಕರು ರೋಬೋಟನ್ನು ಒಂಟಿಯಾಗಿ ಓಡಾಡಲು ಬಿಟ್ಟಾಗ ಮಕ್ಕಳು ಅದರ ದಾರಿ ಅಡ್ಡಗಟ್ಟಿದರು, ಒದ್ದರು, ಬಾಟಲಿಯಿಂದ ಹೊಡೆದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ರೋಬೋಟಿಗೆ ಕಲಿಸಿದ ಉಪಾಯ ಇಷ್ಟು: ಚಿಕ್ಕವರು ಗುಂಪುಗೂಡುವುದು ಕಂಡರೆ ಎತ್ತರದವರ ಕಡೆಗೆ ಓಡು. ಅಪ್ಪ ಅಮ್ಮ ಇದ್ದಲ್ಲಿ ಮಕ್ಕಳು ಹೊಡೆಯುವುದಿಲ್ಲ ಎಂಬ ಲೆಕ್ಕ. ಜಪಾನಿಗೆ ಇದು ಸರಿಹೋಗಬಹುದು. ಇಲ್ಲಿ ಎತ್ತರದವರ ಕಡೆ ಓಡಿದರೆ ಅವರೂ ಒಂದು ಒದ್ದು ‘ಎಷ್ಟು ಗಟ್ಟಿಯಿದೆ ನೋಡೋಣ’ ಎನ್ನುವ ಸಂಭವವನ್ನು ಪ್ರೋಗ್ರಾಮಿನಲ್ಲಿ ಸೇರಿಸಬೇಕಾಗುತ್ತದೆ.

ರೋಬೋಟು ಹೆಣ್ಣೋ ಗಂಡೋ ಎಂಬ ಪ್ರಶ್ನೆಗೂ ಬೆಂಗಳೂರಿನಲ್ಲೇ ಒಂದು ಉದಾಹರಣೆ ಸಿಕ್ಕಿತು. 2020ರ ಜನವರಿಯಲ್ಲಿ ಇಸ್ರೋ ಇಲ್ಲಿ ನಡೆದ ವಿಚಾರ ಸಂಕಿರಣದಲ್ಲಿ ವ್ಯೋಮಮಿತ್ರಳನ್ನು ಲೋಕಕ್ಕೆ ತೋರಿಸಿತು. ಗಗನಯಾನದಲ್ಲಿ ಮನುಷ್ಯರಿಗಿಂತ ಮುಂಚೆ ಹೋಗಿ, ಗಾಳಿ ಒತ್ತಡ ಎಲ್ಲ ಸರಿಯಿದೆಯೇ ನೋಡಿ ವರದಿ ಒಪ್ಪಿಸುವವಳು. ಹೆಣ್ಣುಮುಖ, ಹೆಣ್ಣುದನಿ, ಸೊಂಟದ ಕೆಳಗೆ ಕಾಲಿಲ್ಲ. ಅವಳ ನಂತರ ಹೋಗಬೇಕಾದವರ ಹೆಸರು 2024ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ನಾಲ್ವರೂ ಗಂಡಸರು. ಹುಳಿಗೆ ಉಪ್ಪು ಸರಿಯಿದೆಯೇ ಎಂದು ಮೊದಲು ಸೊಸೆಯ ಅಂಗೈಗೆ ಬಡಿಸಿ ಆಮೇಲೆ ಗಂಡಸರ ಎಲೆಗೆ ಬಡಿಸಿದ ಹಾಗಾಯಿತು ಎಂದಳು ನನ್ನ ಅಕ್ಕ. ಇಸ್ರೋದವರ ಮನಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲವೆಂದು ನಾನು ವಾದಿಸಿದೆ. ಮನಸ್ಸಿನಲ್ಲಿ ಇದ್ದಿದ್ದರೆ ತಿದ್ದಿಕೊಳ್ಳುತ್ತಿದ್ದರು, ಕೈಗೇ ರೂಢಿಯಾಗಿರುವುದೇ ಕಷ್ಟ ಎಂದು ಅವಳು ಉತ್ತರ ಕೊಟ್ಟು ಟಿವಿಯ ಕಡೆ ತಿರುಗಿದಳು.

ಹೆಣ್ಣುದನಿ ಎಂದಾಗ ಇನ್ನೊಬ್ಬರನ್ನು ನೆನೆಯದೆ ಇರಲಾರೆ. ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿದ ನಮ್ಮ ಕಡೆಯವರಿಗೆಲ್ಲ ಆ ದನಿ ಪರಿಚಿತ. ನಿರೂಪಕಿ ಅಪರ್ಣಾ ಅವರದು. ಅದರಲ್ಲಿ ಸೇವಕಿಯ ಅಳುಕಿಲ್ಲ, ಅಧಿಕಾರಿಯ ಗಡಸಿಲ್ಲ. ಬಾಗಿಲಿನಿಂದ ದೂರ ನಿಲ್ಲಿ ಎಂದರೆ ಜನ ದೂರ ನಿಂತರು. ಅದೇ ಜನ ಬಸ್ಸಿನ ಕಂಡಕ್ಟರು ‘ಒಳಗೆ ಹೋಗ್ರೀ’ ಎಂದಾಗ ಒಂದಿಂಚು ಕದಲಿದವರಲ್ಲ. ಮಹಾಪ್ರಾಣ ಎಲ್ಲಿ ಬರಬೇಕೋ ಅಲ್ಲೇ ಬಂತು, ನಿಲ್ದಾಣದ ಹೆಸರುಗಳು ಮೈತುಂಬಿಕೊಂಡು ಹೊರಬಂದವು. ಕನ್ನಡ ಬಾರದ ಹುಡುಗರು ದಿನಾ ಕೇಳಿ ಕೇಳಿ ಊರಿನ ಬಡಾವಣೆಗಳ ಹೆಸರನ್ನು ಸರಿಯಾಗಿ ಹೇಳಲು ಕಲಿತರು. 2024ರ ಜುಲೈ 11ರಂದು ಅಪರ್ಣಾ ತೀರಿಕೊಂಡರು. ಮರುದಿನವೂ ರೈಲು ಅವರ ದನಿಯಲ್ಲೇ ಮುಂದಿನ ನಿಲ್ದಾಣ ಹೇಳಿತು. ಬೋಗಿಯಲ್ಲಿ ಕೆಲವರು ಫೋನಿನಿಂದ ತಲೆಯೆತ್ತಿದರು. ಈ ಊರು ಮಾಡಿಕೊಂಡ ಅತ್ಯುತ್ತಮ ಸಾಮಾಜಿಕ ಯಂತ್ರ ಯಾವುದೆಂದು ಕೇಳಿದರೆ ನನ್ನ ಓಟು ಅದಕ್ಕೆ. ಕೈಯಿಲ್ಲ, ಕಾಲಿಲ್ಲ, ಮುಖವಿಲ್ಲ, ಎತ್ತರದ ಗೊಡವೆಯೇ ಇಲ್ಲ. ಗೌರವಕ್ಕೆ ಬೇಕಾದದ್ದು ಮಾತ್ರ ಇತ್ತು.

ಗೌರವದ ಮಾತು ಬಂದದ್ದರಿಂದ ಕನ್ನಡದ ರೋಬೋಟಿನವರು ಎದುರಿಸಲೇಬೇಕಾದ ಒಂದು ಸಂಕಟವನ್ನೂ ಹೇಳಿಬಿಡುತ್ತೇನೆ. ಅದನ್ನು ನಾವು ನೀನು ಅನ್ನಬೇಕೋ, ನೀವು ಅನ್ನಬೇಕೋ? ಅಮೆರಿಕದಲ್ಲಿ ಮಕ್ಕಳು ಅಲೆಕ್ಸಾಗೆ ಹುಕುಂ ಮಾಡಿ ಮಾಡಿ ಒರಟಾಗುತ್ತಿದ್ದಾರೆಂದು ತಾಯ್ತಂದೆಯರು ಗೊಣಗಿದರು. 2018ರಲ್ಲಿ ಕಂಪನಿಗಳು ‘ಪ್ಲೀಸ್’ ಎಂದವರನ್ನು ಹೊಗಳುವ ವ್ಯವಸ್ಥೆ ಮಾಡಿ ಕೈತೊಳೆದುಕೊಂಡವು. ನಮ್ಮದು ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ. ನಾವು ದೇವರನ್ನು ಏಕವಚನದಲ್ಲಿ ಕರೆಯುತ್ತೇವೆ, ಅಮ್ಮನನ್ನೂ ಕರೆಯುತ್ತೇವೆ, ಕಸ ಗುಡಿಸಲು ಬಂದವಳನ್ನೂ ಕರೆಯುತ್ತೇವೆ. ಮೂರೂ ಒಂದೇ ಏಕವಚನವಲ್ಲವೆಂದು ಐದು ವರ್ಷದ ಮಗುವಿಗೂ ಗೊತ್ತು. ರೋಬೋಟಿಗೆ ಮೂರರಲ್ಲಿ ಯಾವುದು ಸಲ್ಲುತ್ತಿದೆ ಎಂಬುದು ಆ ಮನೆಯ ಮಗು ಅದನ್ನು ಕರೆಯುವ ರಾಗದಲ್ಲಿ ತಿಳಿಯುತ್ತದೆ. ಆ ರಾಗ ಮಾರನೆಯ ದಿನ ಅಪಾರ್ಟ್‌ಮೆಂಟಿನ ವಾಚ್‌ಮನ್ನಿನ ಮೇಲೂ ಪ್ರಯೋಗವಾಗುತ್ತದೆ. ಮಗುವಿಗಿರಲಿ ಬೆಕ್ಕಿಗೂ ಬಹುವಚನ ಬಳಸುವ ಮನೆಗಳು ಚಾಮರಾಜಪೇಟೆಯಲ್ಲಿ ಇದ್ದವಂತೆ. ಅಲ್ಲಿಗೆ ರೋಬೋಟು ಹೋಗಿದ್ದರೆ ಎರಡೂ ಕಡೆಯಿಂದ ‘ತಾವು ಮೊದಲು’ ಆಗಿ ಯಾವ ಕೆಲಸವೂ ಸಾಗುತ್ತಿರಲಿಲ್ಲ.

ಚಿತ್ರಕಲಾ ಪರಿಷತ್ತಿನ ಆಸುಪಾಸಿನಲ್ಲೇ ಗಾಂಧಿ ಭವನ. ಅದಕ್ಕೂ ಹತ್ತಿರದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಮನೆಯಾಗಿದ್ದ ಕುಮಾರ ಕೃಪಾ. 1927ರಲ್ಲಿ ಆರೋಗ್ಯ ಕೆಟ್ಟ ಗಾಂಧೀಜಿ ನಂದಿಬೆಟ್ಟದಿಂದ ಇಳಿದು ಬಂದು ಸುಧಾರಿಸಿಕೊಂಡದ್ದು ಅಲ್ಲಿ. ಜುಲೈನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೂ ಹೋಗಿ ವಿದ್ಯಾರ್ಥಿಗಳನ್ನು ಕಂಡುಬಂದರು. ಇಂದು ಅದೇ ಸಂಸ್ಥೆಯಲ್ಲಿ ಕೃತಕ ಬುದ್ಧಿಮತ್ತೆಗೂ ರೋಬೋಟುಗಳಿಗೂ ಮೀಸಲಾದ ಆರ್ಟ್‌ಪಾರ್ಕ್ ಎಂಬ ಕೇಂದ್ರವಿದೆ. ಅದನ್ನು ನೋಡಿದ್ದರೆ ಗಾಂಧೀಜಿ ಮುಖ ತಿರುಗಿಸುತ್ತಿದ್ದರು ಎಂದುಕೊಳ್ಳುವವರು ಅವರನ್ನು ಸರಿಯಾಗಿ ಓದಿಲ್ಲ. ಎಲ್ಲ ಯಂತ್ರಕ್ಕೂ ನೀವು ವಿರೋಧಿಯೇ ಎಂದು 1924ರಲ್ಲಿ ಒಬ್ಬರು ಕೇಳಿದಾಗ, ಅವರು ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದ, ಅದರ ಹಿಂದೆ ಪ್ರೀತಿಯಿದೆ ಎಂಬುದು ಅವರ ಕಾರಣ. ಐಸಾಕ್ ಸಿಂಗರ್ ಹಲವು ಮನೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿಸಿದ ಪುಣ್ಯಾತ್ಮ. ಯಾವ ಹೆಂಡತಿಯ ದಣಿವು ಎಂದು ಗಾಂಧೀಜಿ ವಿಚಾರಿಸಲು ಹೋಗಲಿಲ್ಲ, ಒಳ್ಳೆಯದೇ ಆಯಿತು. ಅವರ ಪ್ರಶ್ನೆ ಮಾತ್ರ ಗಟ್ಟಿಯಾಗಿ ಉಳಿದಿದೆ: ಈ ಯಂತ್ರ ಯಾರ ದಣಿವು ನೋಡಿ ಹುಟ್ಟಿತು?

ಆ ಪ್ರಶ್ನೆಯನ್ನು ಸುತ್ತೂರು ಮಠದ ಆನೆಗೆ ಕೇಳಿದರೆ ಸಲೀಸಾಗಿ ಉತ್ತರ ಬರುತ್ತದೆ. 2023ರಲ್ಲಿ ಪ್ರಾಣಿದಯಾ ಸಂಘಟನೆಗಳು ಮಠಕ್ಕೆ ಶಿವ ಎಂಬ ಯಂತ್ರದ ಆನೆಯನ್ನು ಕೊಟ್ಟವು. ಕಿವಿ ಬೀಸುತ್ತದೆ, ಸೊಂಡಿಲು ಆಡಿಸುತ್ತದೆ, ಗಾಲಿಯ ಮೇಲೆ ಮೆರವಣಿಗೆ ಹೊರಡುತ್ತದೆ. ಸರಪಳಿಯ ಗಾಯವಿಲ್ಲ, ಮದವಿಲ್ಲ, ಬಾಳೆಹಣ್ಣಿನ ಖರ್ಚಿಲ್ಲ. ಕಾಡಿನ ಒಂದು ಜೀವದ ದಣಿವು ನೋಡಿ ಮಾಡಿದ್ದು ಎನ್ನಲು ಅಡ್ಡಿಯಿಲ್ಲ. ಜಪಾನಿನ ಪಾರೋ ಎಂಬ ಮುದ್ದು ರೋಬೋಟನ್ನು ಸೀಲ್ ಮರಿಯ ರೂಪದಲ್ಲಿ ಮಾಡಿದ್ದಕ್ಕೆ ಕಾರಣ, ನಿಜವಾದ ಸೀಲ್ ಮರಿಯ ಒಡನಾಟ ಯಾರಿಗೂ ಇಲ್ಲ, ಆದ್ದರಿಂದ ಹೋಲಿಸಿ ತಪ್ಪು ಹುಡುಕುವುದಿಲ್ಲ ಎಂಬುದು. ನಮ್ಮವರಿಗೆ ಆನೆಯ ಒಂದೊಂದು ಹೆಜ್ಜೆಯೂ ಗೊತ್ತು, ಆದರೂ ಕೈಮುಗಿದರು. ಮಂಗಳಾರತಿಯ ಹೊತ್ತಿಗೆ ಕರೆಂಟಿನ ನಗಾರಿ ತಾನೇ ಬಡಿದುಕೊಂಡು, ಜಾಗಟೆ ತಾನೇ ಹೊಡೆದುಕೊಂಡು ಮಲ್ಲೇಶ್ವರದ ಬೀದಿಗಳನ್ನು ಎಬ್ಬಿಸುವುದಕ್ಕೆ ಒಗ್ಗಿದ ಭಕ್ತರಿಗೆ ಇದು ಮುಂದಿನ ಒಂದು ಮೆಟ್ಟಿಲು ಅಷ್ಟೇ. ನಗಾರಿ ಬಡಿಯುತ್ತಿದ್ದವನು ಎಲ್ಲಿ ಹೋದ ಎಂದು ಮಾತ್ರ ನಾವ್ಯಾರೂ ವಿಚಾರಿಸಿದವರಲ್ಲ.

ಕುಮಾರ ಪಾರ್ಕಿನ ಮನೆಗಳಿಗೆ ಆನೆ ಬರುವುದಿಲ್ಲ, ಬರಲಿರುವುದು ಬೇರೆ. ಇಲ್ಲಿ ಮಕ್ಕಳೆಲ್ಲ ನ್ಯೂಜೆರ್ಸಿ, ಸಿಡ್ನಿ ಸೇರಿ, ಮೂರು ಬೆಡ್‌ರೂಮಿನಲ್ಲಿ ಇಬ್ಬರೇ, ಕೆಲವು ಕಡೆ ಒಬ್ಬರೇ ಉಳಿದ ಮನೆಗಳು ಸಾಲಾಗಿವೆ. ನ್ಯೂಯಾರ್ಕ್ ರಾಜ್ಯದ ವೃದ್ಧರ ಇಲಾಖೆ 2022ರಲ್ಲಿ ಒಂಟಿ ಹಿರಿಯರಿಗೆ ಎಲ್ಲಿಕ್ಯೂ ಎಂಬ ಮಾತಾಡುವ ಯಂತ್ರವನ್ನು ಹಂಚತೊಡಗಿತು. ಗುಳಿಗೆ ನುಂಗಿದಿರಾ, ನೀರು ಕುಡಿದಿರಾ, ನಿದ್ದೆ ಬಂತಾ ಎಂದು ತಾನಾಗಿ ಮಾತೆತ್ತುತ್ತದೆ. ಅದಕ್ಕೆ ಮುಖ ಇಟ್ಟಿಲ್ಲ. ನೋಡಲು ಮೇಜಿನ ದೀಪ. ಮನುಷ್ಯನೆಂದು ನಂಬಿಸಬಾರದು ಎಂದು ಮಾಡಿದವರು ಬೇಕೆಂದೇ ಬಿಟ್ಟದ್ದು, ಆ ಸಂಯಮ ನನಗೆ ಹಿಡಿಸಿತು. ಪಕ್ಕದ ಬೀದಿಯ ನಿವೃತ್ತ ಎಂಜಿನಿಯರರಿಗೆ ಇದನ್ನು ವಿವರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. ‘ವಾದ ಮಾಡುತ್ತದೆಯೇ?’ ಮಾಡುವುದಿಲ್ಲ, ಸಮಾಧಾನ ಹೇಳುತ್ತದೆ ಎಂದೆ. ‘ನಲವತ್ತೈದು ವರ್ಷ ನನ್ನವಳು ನನ್ನ ಒಂದು ಮಾತನ್ನೂ ಒಪ್ಪದೆ ನನ್ನನ್ನು ಆರೋಗ್ಯವಾಗಿಟ್ಟಿದ್ದಳು. ಎಲ್ಲದಕ್ಕೂ ಹೂಂ ಅನ್ನುವುದನ್ನು ತಂದಿಟ್ಟರೆ ನಾನು ಆರು ತಿಂಗಳಲ್ಲಿ ಅರಳುಮರಳಾಗುತ್ತೇನೆ’ ಎಂದರು. ವಿಕ್ರಮನ ಸಿಂಹಾಸನದ ಗೊಂಬೆಗಳಲ್ಲಿ ಒಂದನ್ನಾದರೂ ಕೊಡಿಸಬಹುದಾದರೆ ಅವರಿಗೆ ಕೊಡಿಸುತ್ತಿದ್ದೆ.

ಈ ಯಂತ್ರಗಳು ಸಾಯುವ ರೀತಿಯೂ ವಿಚಿತ್ರ. ಅಮೆರಿಕದಲ್ಲಿ ಮಕ್ಕಳ ಗೆಳೆಯನಾಗಿ ಮಾರಾಟವಾದ ಮಾಕ್ಸಿ ಎಂಬ ರೋಬೋಟಿನ ಕಂಪನಿ 2024ರ ಡಿಸೆಂಬರಿನಲ್ಲಿ ದುಡ್ಡು ಮುಗಿಯಿತು, ಬಾಗಿಲು ಹಾಕುತ್ತೇವೆ ಎಂದು ಪ್ರಕಟಿಸಿತು. ಬುದ್ಧಿಯೆಲ್ಲ ದೂರದ ಸರ್ವರಿನಲ್ಲಿ. ಗೆಳೆಯ ಇನ್ನು ಮಾತಾಡುವುದಿಲ್ಲ ಎಂದು ಮಕ್ಕಳಿಗೆ ಹೇಳುವ ಕೆಲಸ ತಾಯ್ತಂದೆಯರ ಪಾಲಿಗೆ ಬಂತು. ನಮ್ಮ ಮನೆಯ ದಸರಾ ಗೊಂಬೆಗಳ ಟ್ರಂಕಿನಲ್ಲಿ ಅಜ್ಜಿಗೆ ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆಗಳಿವೆ. ರಾಜನ ಮೂಗು ಸವೆದಿದೆ, ರಾಣಿಯ ಸೀರೆ ಬದಲಾಗಿದೆ, ಹಳೆಯ ಪಂಚೆಯಲ್ಲಿ ಸುತ್ತಿಟ್ಟರೆ ಮುಂದಿನ ನವರಾತ್ರಿಗೆ ಮತ್ತೆ ಎದ್ದು ಕೂರುತ್ತವೆ. ಅವು ಏನೂ ಮಾತಾಡುವುದಿಲ್ಲ ಎಂಬುದನ್ನು ನಾನು ಕೊರತೆಯೆಂದು ತಿಳಿದಿಲ್ಲ. ಮಾತನ್ನು ನೋಡಲು ಬಂದವರೇ ಆಡುತ್ತಾರೆ, ಅವರ ಬಾಯಿಗೆ ಚರುಪೂ ಬೀಳುತ್ತದೆ.

ಇಷ್ಟೆಲ್ಲ ಹೇಳುವ ನನ್ನ ಮನೆಗೂ ಕೊನೆಗೆ ಒಂದು ರೋಬೋಟು ಬಂತು. ಕಸ ಗುಡಿಸುವುದು. ಮಗ ಕಳಿಸಿದ. ಎತ್ತರ ನಾಲ್ಕು ಬೆರಳು. ತೊಗಲುಗೊಂಬೆಯವರ ಲೆಕ್ಕದಲ್ಲಿ ಇದಕ್ಕಿಂತ ಕೆಳಗಿನ ಅಂತಸ್ತೇ ಇಲ್ಲ. ಬಂದ ದಿನವೇ ಮೊಮ್ಮಗಳು ಅದಕ್ಕೆ ಪುಟ್ಟ ಎಂದು ಹೆಸರಿಟ್ಟಳು. ಮಂಚದ ಕೆಳಗೆ ಸಿಕ್ಕಿಕೊಂಡು ಅದು ಕುಂಯ್‌ಗುಟ್ಟಿದರೆ ಎಲ್ಲರೂ ಓಡಿಹೋಗಿ ಬಿಡಿಸುತ್ತೇವೆ. ಮಂಚದ ಕೆಳಗೆ ಬಗ್ಗಿ ಗುಡಿಸುವವಳ ಸೊಂಟ ಹಿಡಿದಾಗ ಹಾಗೆ ಓಡಿಹೋದ ನೆನಪಿಲ್ಲ. ಒಂದು ದಿನ ದೇವರ ಮನೆಯ ಮುಂದಿನ ರಂಗೋಲಿಯನ್ನು ಕೊಳೆಯೆಂದು ಬಗೆದು ಚುಕ್ಕಿ ಗೆರೆ ಸಮೇತ ನುಂಗಿ, ‘ಕ್ಲೀನಿಂಗ್ ಕಂಪ್ಲೀಟ್’ ಎಂದು ಹೆಣ್ಣುದನಿಯಲ್ಲಿ ಘೋಷಿಸಿತು. ಇನ್ನು ಹೊಸ್ತಿಲು. ನಮ್ಮದು ಹಳೇ ಮನೆ, ಪ್ರತಿ ಕೋಣೆಗೂ ಗೇಣೆತ್ತರದ ಮರದ ಹೊಸ್ತಿಲು. ಪುಟ್ಟ ಅದರವರೆಗೆ ಬರುತ್ತದೆ, ಮೂತಿ ತಾಕಿಸುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಬರುತ್ತದೆ. ಹೊಸ್ತಿಲೇ ಇಲ್ಲದ ಮನೆಗಳ ದೇಶದಲ್ಲಿ ಯೋಚಿಸಿ ಮಾಡಿದ್ದು.

ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ಇದನ್ನೆಲ್ಲ ಪೊರಕೆ ಹಿಡಿದು ನಿಂತು ನೋಡಿದಳು. ಮೊದಲ ವಾರ ಮುಖ ಸಣ್ಣದಾಗಿತ್ತು. ಎರಡನೆಯ ವಾರ ನಗು ಬಂತು. ಆಮೇಲೆ ಒಂದು ಬೆಳಿಗ್ಗೆ ಲೆಕ್ಕಾಚಾರದ ಮುಖ.

‘ಇದಕ್ಕೆ ಎಷ್ಟು ಕೊಟ್ರಿ ಅಮ್ಮ?’

ಹೇಳಿದೆ.

‘ಇದು ರಂಗೋಲಿ ಅಳಿಸುತ್ತೆ. ನಾನು ಹಾಕ್ತೀನಿ. ಇದು ಹೊಸ್ತಿಲು ದಾಟಲ್ಲ. ನಾನು ದಿನಾ ಐದು ಹೊಸ್ತಿಲು ದಾಟ್ತೀನಿ. ಇದು ಸಿಕ್ಕಾಕೊಂಡ್ರೆ ಎತ್ತಿ ಬಿಡೋದೂ ನಾನೇ.’ ಪೊರಕೆಯನ್ನು ಗೋಡೆಗೆ ಒರಗಿಸಿ ಸೊಂಟಕ್ಕೆ ಕೈಯಿಟ್ಟಳು. ‘ಮುಂದಿನ ತಿಂಗಳಿಂದ ಐನೂರು ಜಾಸ್ತಿ ಮಾಡಿ. ಇದನ್ನ ನೋಡ್ಕೊಳ್ಳೋದಕ್ಕೆ ಬೇರೆ ಇನ್ನೂರು.’

ಏಳುನೂರಕ್ಕೆ ಒಪ್ಪಂದವಾಯಿತು.